ಪರದೆ ಏಳುವ ಮುಂಚೆ

ಕೆ.ಆರ್. ನಗರ
18–7–2005

ಅಪ್ಪನಿಗೆ ಪವಿತ್ರಾ ಮಾಡುವ ನಮಸ್ಕಾರಗಳು.

ನೀವು ನನ್ನ ಜೊತೆ ಮಾತು ಬಿಟ್ಟು ಇವತ್ತಿಗೆ ಎರಡು ತಿಂಗಳು ಹನ್ನೊಂದು ದಿನ. ಹನಗೋಡಿನ ನಾಟಕದಲ್ಲಿ ಜನ ನಮ್ಮ ಬೀದಿ ದೃಶ್ಯದ ಪರದೆಯಲ್ಲಿ ಬರೆದಿರುವ ಆನೆಯ ಕಾಲು ಎಣಿಸಿ ಸಿಳ್ಳೆ ಹೊಡೆದರು. ನನಗೆ ನಾಚಿಕೆಯಾಗಿ, ಅಷ್ಟು ಜನರ ಎದುರಿಗೇ, "ಐದು ಕಾಲಿನ ಆನೆ ಬರ್ದೋರು ಪರ್ಪಂಚದಲ್ಲಿ ನೀವೊಬ್ರೇ ಕಣಪ್ಪ. ಸುತ್ತಿ ಎಸೀರಿ ಅತ್ಲಾಗೆ, ಫ್ಲೆಕ್ಸ್ ಮಾಡ್ಸಣ" ಅಂದುಬಿಟ್ಟೆ. ಅಂದಮೇಲೆ ನಾಲಿಗೆ ಕಚ್ಚಿಕೊಂಡೆ, ಆದರೆ ಅಷ್ಟು ಹೊತ್ತಿಗೆ ನೀವು ಮುಖ ತಿರುಗಿಸಿ ಆಗಿತ್ತು. ತಪ್ಪಾಯಿತು ಅಂತ ಇಲ್ಲಿಗೆ ಬಂದು ಸೇರಿದ ಮೇಲೂ ಎರಡು ಸಲ ಬರೆದೆ. ಉತ್ತರವಿಲ್ಲ.

ಅದಕ್ಕೆ ಈ ಸಲ ಬರೀ ಬಾಯಿಮಾತಿನ ತಪ್ಪಾಯಿತು ಅಲ್ಲ. ನಮ್ಮ ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಮುಗಿದ ಮೇಲೆ ದಿನಾ ಒಂದು ಗಂಟೆ ಕೂತು ನಿಮಗೊಂದು ವೆಬ್‌ಸೈಟ್ ಮಾಡಿದ್ದೇನೆ. "ಹುಚ್ಚಯ್ಯ ಡ್ರಾಮಾ ಸೀನರಿ, ಹುಣಸೂರು." ತೆರೆದರೆ ಮೊದಲು ನಮ್ಮ ಕೆಂಪು ಮುಂದಿನ ಪರದೆ ಕಾಣುತ್ತದೆ. ಅದರ ಮೇಲೆ ಕ್ಲಿಕ್ ಮಾಡಿದರೆ ಬೆಲ್ ಹೊಡೆದು ಪರದೆ ಸುರುಳಿ ಸುತ್ತಿಕೊಂಡು ಮೇಲೇಳುತ್ತದೆ. ಆಮೇಲೆ ದರ್ಬಾರು, ಕಾಡು, ಜೈಲು, ಉದ್ಯಾನ ಅಂತ ಒಂದೊಂದೇ ಪರದೆ ಫೋಟೋ ಸಮೇತ ಬರುತ್ತದೆ. ಇದಕ್ಕೆ ಜಾವಾಸ್ಕ್ರಿಪ್ಟ್ ಅನ್ನುವುದನ್ನು ನಾನೇ ಪುಸ್ತಕ ನೋಡಿ ಕಲಿತು ಬರೆದೆ. ಇಂಗ್ಲಿಷಿನಲ್ಲೂ ಹಾಕಿದ್ದೇನೆ, ಎಲ್ಲಿಂದ ಯಾರು ಬೇಕಾದರೂ ನೋಡಬಹುದು. ಬಸ್ ಸ್ಟ್ಯಾಂಡಿನ ಹತ್ತಿರ ಸುನೀಲ್ಕುಮಾರನ ಸೈಬರ್ ಅಂಗಡಿ ಇದೆಯಲ್ಲ, ಸೈಟಿನ ವಿಳಾಸ ಬರೆದ ಚೀಟಿ ಜೊತೆಗಿಟ್ಟಿದ್ದೇನೆ, ಅಲ್ಲಿ ತೋರಿಸಿ.

ಇಪ್ಪತ್ತೊಂದು ಪರದೆ ಹಾಕಿದ್ದೇನೆ. ಬೀದಿ ಪರದೆ ಬಿಟ್ಟಿದ್ದೇನೆ. ಊರವರು ನಕ್ಕಿದ್ದು ಸಾಕು, ಪ್ರಪಂಚ ನಗುವುದು ಬೇಡ.

ಇತಿ ನಿಮ್ಮ ಮಗಳು,
ಪವಿತ್ರಾ

---

ಹುಣಸೂರು
27–7–2005

ಚಿ. ಪವಿತ್ರಾಗೆ ಆಶೀರ್ವಾದ.

ಮೊದಲೇ ಹೇಳಿಬಿಡುತ್ತೇನೆ. ನಿನ್ನ ಜೊತೆ ಮಾತು ಬಿಟ್ಟಿದ್ದೇನೆ, ಬಿಟ್ಟೇ ಇರುತ್ತೇನೆ. ಇದು ಮಾತಲ್ಲ, ಕಾಗದ. ನಿನ್ನ ಅವ್ವ ಇದನ್ನು ಒಪ್ಪುವುದಿಲ್ಲ, ಬಾಗಿಲಲ್ಲಿ ನಿಂತು ನಗುತ್ತಿದ್ದಾಳೆ.

ಸುನೀಲ್ಕುಮಾರನ ಅಂಗಡಿಗೆ ಹೋಗಿದ್ದೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ, ನಿನ್ನ ಅವ್ವನ ಬಲವಂತ. ಪರದೆ ಎದ್ದಿದ್ದು ಚೆನ್ನಾಗಿದೆ. ಒಂದು ಕಡೆ ಸ್ವಲ್ಪವೂ ಇಳಿಯದೆ ಸಮನಾಗಿ ಎದ್ದಿತು. ನನ್ನ ಕೈಯಲ್ಲಿ ನಲವತ್ತು ವರ್ಷದಲ್ಲಿ ಅಷ್ಟು ಸಮನಾಗಿ ಎದ್ದಿದ್ದು ಎರಡೋ ಮೂರೋ ಸಲ. ಸುನೀಲನ ಹತ್ತಿರ ಆರು ಸಲ ಕ್ಲಿಕ್ ಮಾಡಿಸಿದೆ. ಏಳನೆಯ ಸಲ ಅವನು, "ಸಾಕು ಬುಡಿ ಮೇಷ್ಟ್ರೇ, ಇಲಿ ಸವ್ದೋಯ್ತದೆ" ಅಂದ. ಕ್ಲಿಕ್ ಮಾಡುವ ಆ ಡಬ್ಬಿಗೆ ಇಲಿ ಎಂದೇ ಕರೆಯುತ್ತಾನೆ.

ಆದರೆ ಇಪ್ಪತ್ತೊಂದು ಯಾಕೆ? ನನ್ನ ಹತ್ತಿರ ಇರುವುದು ಇಪ್ಪತ್ತೆರಡು. ಬೀದಿ ಪರದೆ ಇಲ್ಲದ ಸೀನರಿ ಸೀನರಿಯೇ ಅಲ್ಲ. ಹಾಕು.

ಇನ್ನೊಂದು ವಿಷಯ. ನೀನು ಹೇಳಿದ ಫ್ಲೆಕ್ಸ್ ಎಲ್ಲಾ ಕಡೆ ಬಂದಾಯಿತು. ಕಳೆದ ಸೀಜನ್ನಿನಲ್ಲಿ ನಮಗೆ ಸಿಕ್ಕಿದ್ದು ಹನಗೋಡು ಒಂದೇ. ಮೊನ್ನೆ ಹೊಗೆಸೊಪ್ಪಿನ ಮರಿಯಯ್ಯ ಬಂದಿದ್ದ. "ಒಳ್ಳೆ ಗಟ್ಟಿ ಬಟ್ಟೆ ಕಣ್ಲಾ ಉಚ್ಚಯ್ಯ. ಬಣ್ಣ ಬಳ್ದಿರದ್ರಿಂದ ನೀರು ಇಳಿಯಾಕಿಲ್ಲ. ಕೊಟ್ಬುಡು, ಕುಯ್ದು ಸೊಪ್ಪಿನ್ ಬೇಲ್ ಮುಚ್ಚಕ್ಕೆ ಮಡೀಕತೀನಿ" ಅಂದ. ಸಂಕ್ರಾಂತಿಯೊಳಗೆ ಒಂದಾದರೂ ನಾಟಕ ಸಿಗದಿದ್ದರೆ ತಗೊಂಡು ಹೋಗು ಅಂದುಬಿಟ್ಟಿದ್ದೇನೆ. ಅಟ್ಟದ ಮೇಲೆ ಇಲಿ ತಿನ್ನುವುದಕ್ಕಿಂತ ಅದೇ ಮೇಲು. ಈ ಇಲಿ ನಿಜವಾದ ಇಲಿ.

ಹೀಗಾಗಿ ನಿನ್ನ ವೆಬ್‌ಸೈಟಿಗೆ ಆರು ತಿಂಗಳು ಇದೆ.

ಇತಿ,
ಹುಚ್ಚಯ್ಯ

---

ಕೆ.ಆರ್. ನಗರ
3–8–2005

ಅಪ್ಪನಿಗೆ ನಮಸ್ಕಾರ.

ಬೇಲ್ ಮುಚ್ಚುವುದಕ್ಕೆ ಅಂದಿದ್ದನ್ನು ಎರಡು ಸಲ ಓದಿದೆ. ಎಸೀರಿ ಅಂದವಳು ನಾನೇ, ನಿಜ. ಆದರೆ ಮರಿಯಯ್ಯ ದರ್ಬಾರು ಪರದೆಗೆ ಕತ್ತರಿ ಹಾಕುವುದನ್ನು ಕಣ್ಮುಂದೆ ತಂದುಕೊಂಡರೆ ಊಟ ಸೇರುವುದಿಲ್ಲ. ಆ ಪರದೆಗಳ ಕೆಳಗೇ ಅಲ್ಲವೇ ನಾನು ಮಲಗಿ ಬೆಳೆದಿದ್ದು?

ಬೀದಿ ಪರದೆ ಸೇರಿಸಿದ್ದೇನೆ. ಫೋಟೋದಲ್ಲಿ ಐದನೇ ಕಾಲು ಚೆನ್ನಾಗಿಯೇ ಕಾಣುತ್ತಿದೆ, ನಿಮಗೆ ಸಂತೋಷವೇ? ಬಂದವರು ತಿಳಿಸಲಿ ಅಂತ ನನ್ನ ಇ-ಮೇಲ್ ವಿಳಾಸ ಕೊಟ್ಟಿದ್ದೇನೆ. ದಿನಾ ಬೆಳಿಗ್ಗೆ ನೋಡುತ್ತೇನೆ.

ಇತಿ,
ಪವಿತ್ರಾ

---

ಹುಣಸೂರು
21–9–2005

ಚಿ. ಪವಿತ್ರಾಗೆ ಆಶೀರ್ವಾದ.

ಗೌರಿ ಹಬ್ಬ ಹೋಯಿತು, ಗಣಪತಿ ನೀರಿಗೆ ಹೋದ, ಒಬ್ಬನೂ ಕೇಳಿಲ್ಲ. ನಾನು ಪ್ರತಿ ಬುಧವಾರ ಸುನೀಲನ ಅಂಗಡಿಗೆ ಹೋಗಿ ಪರದೆ ಎಬ್ಬಿಸಿ ಬರುತ್ತೇನೆ. ನೋಡುತ್ತಿರುವವನು ನಾನೊಬ್ಬನೇ ಎಂದು ನನಗೆ ಅನುಮಾನ.

ಇವತ್ತು ಸುನೀಲ, "ವಿಳಾಸ ಗೊತ್ತಿರೋ ನಾವು ನೋಡದು ಎಚ್ಚಲ್ಲ ಮೇಷ್ಟ್ರೇ. ಗೊತ್ತಿಲ್ದೋರು ಉಡುಕುದ್ರೆ ಸಿಕ್ಬೇಕು" ಎಂದು ಸರ್ಚ್ ಎಂಜಿನ್ ತೆಗೆದು ಹುಣಸೂರು ಡ್ರಾಮಾ ಸೀನರಿ ಅಂತ ಹೊಡೆದ. ಊಟಿಯ ಸೀನರಿ ಬಂತು. ಮದುವೆ ಮಂಟಪದವರು ಬಂದರು. ಎಲ್ಲೋ ಮಲೇಷ್ಯಾದಲ್ಲಿ ಕಿಟಕಿ ಪರದೆ ಹೊಲಿಯುವವನೊಬ್ಬ ಬಂದ. ನಾನು ಬರಲಿಲ್ಲ. ನನ್ನ ಹೆಸರು ಹಾಕಿ ಹುಡುಕಿದರೂ ನಾನಿಲ್ಲ. ನಲವತ್ತು ವರ್ಷ ಈ ತಾಲ್ಲೂಕಿನಲ್ಲಿ ಬಣ್ಣ ಹಚ್ಚಿದವನು ನಾನು, ಆ ಪೆಟ್ಟಿಗೆಯ ಲೆಕ್ಕದಲ್ಲಿ ಹುಟ್ಟೇ ಇಲ್ಲ. ನನಗೆ ಬೇಜಾರಾಯಿತು, ಮುಚ್ಚಿಡುವುದೇನಿದೆ.

ಇದೇನು ಎಂದು ತಿಳಿದು ಬರೆ.

ಹುಚ್ಚಯ್ಯ

ನಿನ್ನ ಅವ್ವ ಚಿಕ್ಕಬೀರಮ್ಮ ಬರೆಸಿದ್ದು: "ತಲೆಗೆ ಎಣ್ಣೆ ಅಚ್ಕಳವ್ವ. ನಿಮ್ಮಪ್ಪ ದಿನಾ ನಿನ್ ಕಾಗ್ದ ಬತ್ತಾ ಅಂತ ಕೇಳ್ತದೆ. ಇದ್ನ ಬರೀಬ್ಯಾಡಿ ಅಂದೆ, ಬರೀತಾವ್ರೆ."

---

ಕೆ.ಆರ್. ನಗರ
4–10–2005

ಅಪ್ಪನಿಗೆ ನಮಸ್ಕಾರ.

ತಪ್ಪು ಸರ್ಚ್ ಎಂಜಿನ್ನಿನದಲ್ಲ, ನನ್ನದು. ಎರಡು ವಾರ ತಲೆ ಕೆಡಿಸಿಕೊಂಡು ಓದಿದ ಮೇಲೆ ಗೊತ್ತಾಯಿತು. ಸಮಾಧಾನವಾಗಿ ಓದಿ.

ಸರ್ಚ್ ಎಂಜಿನ್ ನಾವು ಕೇಳಿದ ಮೇಲೆ ಹುಡುಕಲು ಹೊರಡುವುದಲ್ಲ. ಅದರದ್ದೊಂದು ಪ್ರೋಗ್ರಾಮು ಮುಂಚೆಯೇ ಊರೆಲ್ಲ ತಿರುಗಿ, ಒಂದು ವೆಬ್‌ಸೈಟಿನ ಕೊಂಡಿ ಹಿಡಿದು ಇನ್ನೊಂದಕ್ಕೆ ಹೋಗಿ, ಅಲ್ಲಿ ಬರೆದಿರುವುದನ್ನೆಲ್ಲ ಓದಿಕೊಂಡು ಬಂದಿರುತ್ತದೆ. ಅದಕ್ಕೆ ಕ್ರಾಲರ್ ಅನ್ನುತ್ತಾರೆ. ಅದು ಓದಿ ತಂದ ಪಟ್ಟಿಯಲ್ಲಿ ಇದ್ದರೆ ಮಾತ್ರ ನಾವು ಹುಡುಕಿದಾಗ ಸಿಗುವುದು.

ಈ ಕ್ರಾಲರ್ ಇದೆಯಲ್ಲ, ಬಹಳ ಅವಸರದ ಆಸಾಮಿ. ಪುಟದಲ್ಲಿ ಸಾದಾ ಅಕ್ಷರದಲ್ಲಿ ಬರೆದಿಟ್ಟದ್ದನ್ನು ಓದುತ್ತದೆ, ಹೊರಟು ಹೋಗುತ್ತದೆ. ಎಲ್ಲೂ ಕ್ಲಿಕ್ ಮಾಡುವುದಿಲ್ಲ. ಜಾವಾಸ್ಕ್ರಿಪ್ಟನ್ನು ನಡೆಸಿ ಏನಾಗುತ್ತದೆ ಅಂತ ನೋಡುವುದಿಲ್ಲ. ಚಿತ್ರವಂತೂ ಅದಕ್ಕೆ ಕಾಣುವುದೇ ಇಲ್ಲ. ಆನೆಯ ಚಿತ್ರದ ಕೆಳಗೆ ಆನೆ ಅಂತ ಬರೆದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ನಮ್ಮ ಸೈಟಿನಲ್ಲಿ ನಿಮ್ಮ ಹೆಸರು, ಊರು, ಪರದೆಗಳ ಹೆಸರು ಎಲ್ಲವೂ ಹುಟ್ಟುವುದೇ ಜನ ಕ್ಲಿಕ್ ಮಾಡಿ ಪರದೆ ಎದ್ದ ಮೇಲೆ. ಅದಕ್ಕೆ ಮುಂಚೆ ಪುಟದಲ್ಲಿ ಏನೂ ಇಲ್ಲ. ಯಾರು ಬಂದರು ಅನ್ನುವ ಪಟ್ಟಿ ನೋಡಿದೆ. ಕ್ರಾಲರ್ ನಾಲ್ಕು ಸಲ ಬಂದು ಹೋಗಿದೆ, ಅಪ್ಪ. ನಾಲ್ಕು ಸಲವೂ ಬರಿಗೈ.

ಸುನೀಲ್ಕುಮಾರನಿಗೆ ಜಾವಾಸ್ಕ್ರಿಪ್ಟ್ ನಿಲ್ಲಿಸಿ ನಮ್ಮ ಸೈಟ್ ತೆರೆಯಲು ಹೇಳಿ. ಕ್ರಾಲರಿಗೆ ಏನು ಕಂಡಿತು ಎಂದು ನಿಮಗೇ ಕಾಣುತ್ತದೆ.

ಇದಕ್ಕೆ ಒಂದೇ ದಾರಿ ನನಗೆ ತೋಚುವುದು. ಪರದೆ ತೆಗೆದುಹಾಕಿ ಎಲ್ಲವನ್ನೂ ಸಾದಾ ಬರೆದುಬಿಡುವುದು. ನಿಮಗೆ ಇಷ್ಟವಾಗುವುದಿಲ್ಲ ಅಂತ ಗೊತ್ತು. ನಿಮ್ಮನ್ನು ಕೇಳದೆ ಮಾಡುವುದಿಲ್ಲ.

ಇತಿ,
ಪವಿತ್ರಾ

---

ಹುಣಸೂರು
13–10–2005

ಚಿ. ಪವಿತ್ರಾಗೆ ಆಶೀರ್ವಾದ.

ನೀನು ಹೇಳಿದ ಹಾಗೆ ಸುನೀಲ ಏನೋ ಒಂದು ಟಿಕ್ ಗುರುತು ತೆಗೆದು ಸೈಟ್ ತೋರಿಸಿದ. ಬೆಲ್ ಇಲ್ಲ, ಪರದೆ ಇಲ್ಲ, ಹೆಸರಿಲ್ಲ. ಬರೀ ಬಿಳಿ. ಸುಣ್ಣ ಬಳಿದ ಗೋಡೆಯ ಮುಂದೆ ಕೂತ ಹಾಗಾಯಿತು. ನಾಲ್ಕು ಸಲ ಮನೆಗೆ ಬಂದವನಿಗೆ ಖಾಲಿ ರಂಗ ತೋರಿಸಿ ಕಳಿಸಿದ್ದೀಯಲ್ಲೇ! ನಮ್ಮ ಮನೆಯಲ್ಲಿ ಕರೆಂಟಿನವನು ಮೀಟರ್ ನೋಡಲು ಬಂದರೂ ನಿನ್ನ ಅವ್ವ ಮಜ್ಜಿಗೆ ಕೊಡುತ್ತಾಳೆ.

ಪರದೆ ತೆಗೆಯುವ ಮಾತು ಮಾತ್ರ ಎತ್ತಬೇಡ. ಪರದೆಯಿಲ್ಲದೆ ಸೀನರಿಯವನ ಅಂಗಡಿ ಇರುವುದುಂಟೇ? ತಪ್ಪು ಪರದೆಯದಲ್ಲ, ಕಟ್ಟಿದವಳದು. ನಾನು ಹೇಗೆ ಕಟ್ಟುತ್ತೇನೆ, ನೀನು ಚಿಕ್ಕಂದಿನಿಂದ ನೋಡಿಲ್ಲವೇ? ಮೊದಲ ಬೆಲ್ ಹೊಡೆಯುವ ಮುಂಚೆ ಇಪ್ಪತ್ತೆರಡು ಪರದೆಯೂ ಬೊಂಬಿಗೆ ಬಿಗಿದು, ಕಡೆಯ ಸೀನಿನದು ಹಿಂದೆ, ಮೊದಲ ಸೀನಿನದು ಮುಂದೆ ಅಂತ ಸಾಲಾಗಿ ನೇತುಹಾಕಿ, ಸಿಂಹಾಸನವನ್ನೂ ಇಟ್ಟು ಆಗಿರುತ್ತದೆ. ಎಲ್ಲ ಆದ ಮೇಲೆ ಕೆಂಪು ಪರದೆ ಇಳಿಸುವುದು. ಬೆಲ್ಲಾದ ಮೇಲೆ ಮನೆಗೆ ಓಡಿ ಅಟ್ಟದಿಂದ ದರ್ಬಾರು ಇಳಿಸಿ ತಂದರೆ ಜನ ಬಿಡುತ್ತಾರೆಯೇ? ನೀನು ಮಾಡಿರುವುದು ಅದೇ. ಎಲ್ಲವನ್ನೂ ಮುಂಚೆಯೇ ರಂಗದ ಮೇಲೆ ಇಡು. ಆಮೇಲೆ ಮೇಲಿಂದ ಪರದೆ ಇಳಿಸು. ಎದುರಿಗೆ ಕೂತ ಜನಕ್ಕೆ ಪರದೆ ಎದ್ದ ಮೇಲೆ ಕಂಡರೆ ಸಾಕು. ರಂಗದ ಪಕ್ಕದ ವಿಂಗಿನಿಂದ ಇಣುಕುವ ಅವಸರದವನಿಗೆ ಅಷ್ಟು ಹೊತ್ತಿಗೆ ಎಲ್ಲಾ ಸಿದ್ಧವಾಗಿ ಕಾಣುತ್ತದೆ. ಇದು ಕಂಪ್ಯೂಟರಿನಲ್ಲಿ ಆಗುವುದಿಲ್ಲವೇ?

ಇನ್ನೊಂದು. ಚಿತ್ರ ಕಾಣುವುದಿಲ್ಲ, ಬರೆದರೆ ಉಂಟು ಅಂದೆ. ಹಾಗಾದರೆ ಬೀದಿ ಪರದೆಯ ಕೆಳಗೆ ಆನೆಗೆ ಐದು ಕಾಲು ಎಂದು ಬರೆ. ಕನ್ನಡದಲ್ಲೂ ಬರೆ, ಇಂಗ್ಲಿಷಿನಲ್ಲೂ ಬರೆ. ಇರುವುದನ್ನು ಇರುವ ಹಾಗೆ ಹೇಳುವುದಕ್ಕೆ ನನಗೇನೂ ನಾಚಿಕೆಯಿಲ್ಲ.

ಹುಚ್ಚಯ್ಯ

---

ಕೆ.ಆರ್. ನಗರ
29–10–2005

ಅಪ್ಪಾ,

ಆಗುತ್ತದೆ! ನಿಮ್ಮ ಕಾಗದ ಓದಿದವಳು ಪಾಠದ ನಡುವೆಯೇ ಗಟ್ಟಿಯಾಗಿ ನಕ್ಕುಬಿಟ್ಟೆ. ನಮ್ಮ ಸೆಂಟರಿನ ಯಜಮಾನರು, "ಯಾರಮ್ಮ ಹೇಳಿದ್ದು ಇದನ್ನ, ನಾನು ಅವರ ಹತ್ರ ಪಾಠಕ್ಕೆ ಹೋಗ್ಬೇಕಲ್ಲ" ಅಂದರು.

ನೀವು ಹೇಳಿದ ಹಾಗೇ ಮಾಡಿದೆ. ನಿಮ್ಮ ಹೆಸರು, ಹುಣಸೂರು, ಇಪ್ಪತ್ತೆರಡು ಪರದೆಗಳ ವಿವರ ಎಲ್ಲವೂ ಪುಟದಲ್ಲಿ ಸಾದಾ ಅಕ್ಷರದಲ್ಲಿ ಮೊದಲೇ ಇವೆ. ಒಂದೊಂದು ಪರದೆಗೂ ಒಂದೊಂದು ಪುಟ, ಒಂದರಿಂದ ಒಂದಕ್ಕೆ ಹೋಗಲು ಸಾದಾ ಕೊಂಡಿ. ಜಾವಾಸ್ಕ್ರಿಪ್ಟಿಗೆ ಈಗ ಒಂದೇ ಕೆಲಸ, ಕೆಂಪು ಪರದೆಯನ್ನು ಮುಂದೆ ಇಳಿಸುವುದು, ಎಬ್ಬಿಸುವುದು. ಅದನ್ನು ನಿಲ್ಲಿಸಿ ನೋಡಿದೆ. ಪರದೆ ಮಾಯವಾಯಿತು, ಆದರೆ ರಂಗ ತುಂಬಿತ್ತು. ಐದು ಕಾಲನ್ನೂ ಎರಡು ಭಾಷೆಯಲ್ಲಿ ಬರೆದಿದ್ದೇನೆ, ಇಂಗ್ಲಿಷಿನಲ್ಲಿ ಬರೆಯುವಾಗ ಕೈ ಸ್ವಲ್ಪ ಹಿಂಜರಿಯಿತು.

ಇನ್ನು ಕ್ರಾಲರ್ ಮತ್ತೆ ಬರಬೇಕು. ವಾರವೂ ಆಗಬಹುದು, ತಿಂಗಳೂ ಆಗಬಹುದು. ಕರೆದರೆ ಬರುವವನಲ್ಲ.

ಮಂಗಳವಾರ ದೀಪಾವಳಿ. ಹಬ್ಬಕ್ಕೆ ಬಾ ಎಂದು ನೀವು ಬರೆದಿಲ್ಲ. ನಾನು ಇಲ್ಲಿ ದೊಡ್ಡಮ್ಮನ ಮನೆಯಲ್ಲೇ ಇರುತ್ತೇನೆ.

ನಿಮ್ಮ,
ಪವಿತ್ರಾ

---

ಹುಣಸೂರು
22–12–2005

ಚಿ. ಪವಿತ್ರಾಗೆ ಆಶೀರ್ವಾದ.

ಹಬ್ಬದ ವಿಷಯಕ್ಕೆ ಉತ್ತರ ಬರೆಯಲು ಮೂರು ಸಲ ಕೂತು ಎದ್ದೆ. ಬಿಡು. ನಾವು ಕಳಿಸಿದ ಕಜ್ಜಾಯ ತಲುಪಿತೆಂದು ನಿನ್ನ ದೊಡ್ಡಮ್ಮ ಹೇಳಿ ಕಳಿಸಿದರು.

ಕಳೆದ ಬುಧವಾರ ಸುನೀಲ ಹುಡುಕಿದಾಗ ನಾನು ಸಿಕ್ಕಿದೆ! ಪಟ್ಟಿಯಲ್ಲಿ ಮೂರನೆಯವನು. ಮಲೇಷ್ಯಾದ ಕಿಟಕಿಯವನು ನನ್ನ ಕೆಳಗೆ. ಸುನೀಲ ಪಕ್ಕದ ಅಂಗಡಿಯವರನ್ನೆಲ್ಲ ಕರೆದು ತೋರಿಸಿದ, ನಾನು ಎಲ್ಲರಿಗೂ ಟೀ ಕುಡಿಸಿದೆ.

ಸಿಗುವುದೇನೋ ಸಿಗುತ್ತೇನೆ. ಹುಡುಕುವವರು ಬೇಕಲ್ಲ. ಡಿಸೆಂಬರ್ ಮುಗಿಯುತ್ತಾ ಬಂತು, ಒಬ್ಬನೂ ಕೇಳಿಲ್ಲ. ಮೊನ್ನೆ ಮರಿಯಯ್ಯ ಟೇಪು ಹಿಡಿದುಕೊಂಡೇ ಬಂದ. ಅಳತೆ ತೆಗೆದುಕೊಳ್ಳುತ್ತಾನಂತೆ. ನಿನ್ನ ಅವ್ವ ಅಟ್ಟದ ಏಣಿ ತೆಗೆದು ಎಲ್ಲೋ ಬಚ್ಚಿಟ್ಟಿದ್ದಳು. "ಏಣಿ ಗೆದ್ಲು ಇಡ್ದು ಓಯ್ತು ಕಣಣ್ಣ" ಅಂದಳು, ಮುಖದಲ್ಲಿ ಒಂದು ಗೆರೆ ಅಲ್ಲಾಡಲಿಲ್ಲ. ಅವನು ಬರುವ ತಿಂಗಳು ಹದಿನೈದನೇ ತಾರೀಖು ತನ್ನದೇ ಏಣಿ ತರುತ್ತೇನೆ ಎಂದು ಹೋದ.

ಕೊಟ್ಟ ಮಾತು ಕೊಟ್ಟದ್ದೇ. ಬೀದಿ ಪರದೆ ಒಂದನ್ನು ಮಾತ್ರ ಕೊಡುವುದಿಲ್ಲ ಎಂದು ಹೇಳಬೇಕೆಂದಿದ್ದೇನೆ.

ಹುಚ್ಚಯ್ಯ

---

ಕೆ.ಆರ್. ನಗರ
5–1–2006

ಅಪ್ಪಾ, ಅಪ್ಪಾ, ಅಪ್ಪಾ,

ಕುಳಿತುಕೊಂಡು ಓದಿ. ಅವ್ವನನ್ನೂ ಕರೆಯಿರಿ. ಬೆಳಿಗ್ಗೆ ಬಂದ ಇ-ಮೇಲ್ ಇಂಗ್ಲಿಷಿನಲ್ಲಿತ್ತು, ಕನ್ನಡ ಮಾಡಿ ಬರೆದಿದ್ದೇನೆ:

"ಮಾನ್ಯರೇ, ನನ್ನ ಹೆಸರು ಚಲುವರಾಜು. ಬೀಚನಹಳ್ಳಿ ಹತ್ತಿರ ರೆಸಾರ್ಟಿನಲ್ಲಿ ಎಲೆಕ್ಟ್ರಿಷಿಯನ್. ನಮ್ಮ ತಂದೆ ಡ್ಯಾಮಿನಲ್ಲಿ ಗೇಟ್ ಆಪರೇಟರ್, ಫೆಬ್ರವರಿಯಲ್ಲಿ ರಿಟೈರ್ ಆಗುತ್ತಾರೆ. ಅವರನ್ನು ಬೀಳ್ಕೊಡಲು ಕಾಲೋನಿಯವರು ಫೆಬ್ರವರಿ 18ಕ್ಕೆ ಪೌರಾಣಿಕ ನಾಟಕ ಇಟ್ಟುಕೊಂಡಿದ್ದೇವೆ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ನಮ್ಮ ಕಾಲೋನಿಯಲ್ಲಿ ನಾಟಕ ಆಗಿತ್ತು, ಅದರ ಒಂದು ಪರದೆಯಲ್ಲಿ ಆನೆಗೆ ಐದು ಕಾಲಿತ್ತು. ನಾವು ಹುಡುಗರೆಲ್ಲ ನಾಟಕ ಬಿಟ್ಟು ಅದನ್ನೇ ನೋಡುತ್ತಿದ್ದೆವು. ಐದನೇ ಕಾಲು ಯಾವುದೆಂದು ಜಗಳವೇ ಆಗಿತ್ತು. ನಾಟಕ ಆಡಿಸಿದರೆ ಆ ಆನೆ ಇರಲೇಬೇಕು ಅನ್ನುತ್ತಾರೆ ನಮ್ಮ ತಂದೆ. ಯಾರ ಸೀನರಿ, ಯಾವ ಊರಿನದು, ಯಾರಿಗೂ ನೆನಪಿಲ್ಲ. ಆಫೀಸಿನ ಕಂಪ್ಯೂಟರಿನಲ್ಲಿ ಸುಮ್ಮನೆ ಐದು ಕಾಲಿನ ಆನೆ, ಡ್ರಾಮಾ ಪರದೆ ಎಂದು ಹುಡುಕಿದೆ. ನೀವು ಮೊದಲನೆಯವರು. ಇಪ್ಪತ್ತೆರಡೂ ಪರದೆ ಬೇಕು. ಆನೆಯನ್ನು ದಯವಿಟ್ಟು ಸರಿ ಮಾಡಿಸಬೇಡಿ."

ಪ್ರಪಂಚವೆಲ್ಲ ನೋಡಲಿ ಅಂತ ಇಂಗ್ಲಿಷಿನಲ್ಲಿ ಬರೆದೆ. ಪಕ್ಕದ ತಾಲ್ಲೂಕಿನಿಂದ, ಹ್ಯಾಂಡ್‌ಪೋಸ್ಟ್ ದಾಟಿದರೆ ಸಿಗುವ ಊರಿನಿಂದ ಬಂತು ನೋಡಿ! ನಾನು ಆ ಆನೆಯನ್ನು ಪರದೆಯ ಹಿಂದೆ ಬಚ್ಚಿಟ್ಟಿದ್ದರೆ, ಅಥವಾ ನಾಚಿಕೆಗೆ ಬಿಟ್ಟೇಬಿಟ್ಟಿದ್ದರೆ, ಅವನು ಹುಡುಕಿದಾಗ ಏನೂ ಸಿಗುತ್ತಿರಲಿಲ್ಲ. ಇಷ್ಟು ವರ್ಷ ನಿಮ್ಮ ತಪ್ಪನ್ನು ಆಡಿಕೊಂಡು ನಕ್ಕೆ. ಇನ್ನು ಯಾವತ್ತೂ ನಗುವುದಿಲ್ಲ ಅಪ್ಪ. ಅದೇ ತಪ್ಪು ಇವತ್ತು ಇಪ್ಪತ್ತೆರಡು ಪರದೆಯನ್ನೂ ಉಳಿಸಿದೆ.

ಈಗಲಾದರೂ ಮಾತಾಡುತ್ತೀರಾ?

ನಿಮ್ಮ,
ಪವಿತ್ರಾ

---

ಹುಣಸೂರು
9–1–2006

ಮಗಳೇ,

ನಿನ್ನ ಕಾಗದವನ್ನು ನಿನ್ನ ಅವ್ವ ಮೂರು ಸಲ ಓದಿಸಿದಳು. ಬಚ್ಚಿಟ್ಟ ಏಣಿ ತಾನೇ ತಂದಳು, ದನದ ಕೊಟ್ಟಿಗೆಯಲ್ಲಿ ಹುಲ್ಲಿನ ಅಡಿಯಲ್ಲಿತ್ತು. ಬೀಚನಹಳ್ಳಿಯವರಿಗೆ ಒಪ್ಪಿಗೆ ಎಂದು ಸುನೀಲನ ಕೈಯಲ್ಲಿ ಬರೆಸಿದ್ದೇನೆ. ಮರಿಯಯ್ಯನಿಗೂ ಹೇಳಿ ಕಳಿಸಿದೆ. "ಓಗ್ಲಿ ಬುಡು, ನಾಟ್ಕಕ್ಕೆ ನಂಗೂ ಒಂದು ಚೇರ್ ಇಡ್ಸು" ಅಂದನಂತೆ.

ಈಗ ಆನೆಯ ವಿಷಯ. ಬರೆಯಬಾರದು ಎಂದಿದ್ದೆ, ಆದರೆ ನೀನು ಅದನ್ನು ನಿಮ್ಮ ತಪ್ಪು ಎಂದು ಬರೆದಿರುವುದನ್ನು ನೋಡಿ ನಿನ್ನ ಅವ್ವ, "ಇನ್ನಾರ ಏಳ್ಬುಡಿ" ಅಂದಳು.

ನಾನು ಬರೆದ ಆನೆಗೆ ನಾಲ್ಕೇ ಕಾಲು. 1987ರ ಬೇಸಿಗೆ, ಪರದೆಯನ್ನು ಅಂಗಳದಲ್ಲಿ ಹಾಸಿಕೊಂಡು ಬರೆಯುತ್ತಿದ್ದೆ. ಆನೆ ಮುಗಿಸಿ ಊಟಕ್ಕೆ ಒಳಗೆ ಹೋದೆ. ಬಂದು ನೋಡಿದರೆ ನೀನು, ಐದು ವರ್ಷದವಳು, ಮೊಣಕೈವರೆಗೆ ಬಣ್ಣ ಮಾಡಿಕೊಂಡು ಆನೆಯ ಹೊಟ್ಟೆಯ ಕೆಳಗೆ ಕೂತಿದ್ದೆ. "ಆನೆ ದಪ್ಪ ಅಲ್ವಾ ಅಪ್ಪ, ಬಿದ್ದೋಯ್ತದೆ ಅಂತ ಇನ್ನೊಂದು ಕಾಲು ಕೊಟ್ಟೆ" ಅಂದೆ. ಒರೆಸಲು ಬಣ್ಣ ಕಲಸಿದೆ. ನಿನ್ನ ಅವ್ವ ತಟ್ಟೆ ಕಿತ್ತುಕೊಂಡಳು. ನಿಜ ಹೇಳಬೇಕೆಂದರೆ ನನಗೂ ಕೈ ಬರಲಿಲ್ಲ. ಯಾರಾದರೂ ಕೇಳಿದರೆ ನಾನೇ ಬರೆದೆ ಎನ್ನುತ್ತಾ ಬಂದೆ. ನಗುವವರು ನನ್ನನ್ನು ನೋಡಿ ನಗಲಿ, ಮಗು ಯಾಕೆ ಆ ಮಾತು ಕೇಳಬೇಕು ಎಂದು. ಹನಗೋಡಿನಲ್ಲಿ ನೀನೇ ಅದನ್ನು ಎಸೀರಿ ಅಂದಾಗ ನನಗೆ ಕೋಪ ಬಂದದ್ದು ನನ್ನ ಪರದೆಗಾಗಿ ಅಲ್ಲ ಕಣವ್ವ.

ಬೀದಿ ಪರದೆ ಇಳಿಸಿ ಅಂಗಳದಲ್ಲಿ ಹಾಸಿದ್ದೇನೆ. ಬಣ್ಣ ಅಲ್ಲಲ್ಲಿ ಮಾಸಿದೆ. ನಾಲ್ಕು ಕಾಲಿಗೆ ಹಚ್ಚಿ ಮುಗಿಸಿದೆ. ಐದನೆಯದನ್ನು ಮುಟ್ಟಿಲ್ಲ, ಅದು ನನ್ನ ಕೆಲಸವಲ್ಲ. ಬರುವ ಶನಿವಾರ ಸಂಕ್ರಾಂತಿ. ಬೆಳಗಿನ ಮೊದಲ ಬಸ್ಸಿಗೆ ಬಾ. ಬಣ್ಣ ಕಲಸಿಟ್ಟಿರುತ್ತೇನೆ, ನಾನೇ ಬಸ್ ಸ್ಟ್ಯಾಂಡಿಗೆ ಬರುತ್ತೇನೆ. ಎಂಟು ತಿಂಗಳ ಮಾತು ಬಾಕಿ ಇದೆ, ಅದನ್ನು ಕಾಗದದಲ್ಲಿ ಬರೆದು ಮುಗಿಸಲಾಗುವುದಿಲ್ಲ.

ನಿನ್ನ ಅಪ್ಪ,
ಹುಚ್ಚಯ್ಯ